ಗಾಳಿ ಬರುವ ಕಡೆಗೆ ಏನು ನೆಡಬೇಕಿತ್ತು

ಏರುಶಕೆ ೧೧೨, ಬಿಳಿಮಾಸ

ನನಗಿಂತ ಮೊದಲು ಬದುಕಿದವರಿಗೆ,

ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಬಯಲುಸೀಮೆಯ ಬಿಸಿಲು ತಾಳಲಾರದೆ ನಮ್ಮ ಹಿರಿಯರು ಈ ಹಿಮದ ಎತ್ತರಕ್ಕೆ ಏರಿ ಬಂದ ವರ್ಷದಿಂದ ನಾವು ಶಕೆ ಎಣಿಸುತ್ತೇವೆ. ಇಲ್ಲಿ ವರ್ಷದ ಬಹುಪಾಲು ನೆಲ ಕಲ್ಲಾಗಿರುತ್ತದೆ. ಬಿದ್ದ ಹಿಮವನ್ನೇ ಎಬ್ಬಿಸಿ, ಚಾಚಿದ ಕೈಯೂ ಕಾಣದಂತೆ ಬೀಸುವ ಗಾಳಿಗೆ ಕುರುಡುಗಾಳಿ ಎನ್ನುತ್ತೇವೆ.

ಚಳಿಗಾಲವಿಡೀ ಮಕ್ಕಳು ಶಾಲೆಯಲ್ಲೇ ಉಳಿಯುತ್ತಾರೆ. ಪಾಠದ ಮನೆ ಒಂದು ಕಡೆ, ಉಂಡು ಮಲಗುವ ಮನೆ ಅಂಗಳದಾಚೆ. ಆ ಅಂಗಳದಲ್ಲಿ ಏನು ನೆಡಬೇಕೆಂದು ಊರು ಸಭೆ ಸೇರಿತ್ತು. ಗಾಳಿ ಬರುವ ಉತ್ತರದ ಕಡೆಗೆ, ಕಿತ್ತಳೆ ಬಣ್ಣದ ಹುಳಿಹಣ್ಣು ಬಿಡುವ ಮುಳ್ಳುಪೊದೆಯನ್ನು ಒತ್ತಾಗಿ ಬೆಳೆಸಬೇಕೆಂದು ಶಾಲೆಯ ಶಿಕ್ಷಕಿ ರಾಚವ್ವ ಅಕ್ಕೋರು ಹೇಳಿದರು. ಊರ ಮುಖ್ಯಸ್ಥ ಸಂಗನಬಸಪ್ಪನವರು ಒಪ್ಪಲಿಲ್ಲ.

"ಹುಡುಗ್ರು ಆಡೋ ಜಾಗದಾಗ ಮುಳ್ಳು ಹಚ್ಚತೀರೇನ್ರಿ ಅಕ್ಕೋರ? ಪಾಪ್ಲರ್ ಮರ ಹಚ್ಚೂಣು. ಲಗೂ ಬೆಳೀತೈತಿ, ನೋಡಾಕೂ ಚೆಂದ."

"ಅದರ ಬುಡ ಬೋಳ ಇರ್ತೈತ್ರಿ. ಗಾಳಿ ಕೆಳಗಿಂದ ನುಗ್ಗತೈತಿ. ಸಣ್ಣ ಹುಡುಗ್ರು ಆ ಬೋಳ ಬುಡದಷ್ಟ ಎತ್ತರ ಅದಾರ," ಎಂದರು ಅಕ್ಕೋರು.

ಯಾರೋ ನಕ್ಕರು. ಪಾಪ್ಲರ್ ನೆಟ್ಟರು. ಅವು ನಿಜಕ್ಕೂ ಬೇಗ ಬೆಳೆದವು. ಎಲೆ ಹಳದಿಯಾಗುವ ಕಾಲಕ್ಕೆ ಶಾಲೆಯೇ ಬೆಳಗಿದಂತಿರುತ್ತಿತ್ತು; ನನ್ನ ಮಗಳು ದಾನಮ್ಮ ಆ ಎಲೆಗಳನ್ನು ಜೇಬು ತುಂಬಿಸಿ ತರುತ್ತಿದ್ದಳು.

ಒಂದು ಮಧ್ಯಾಹ್ನ ಮಕ್ಕಳು ಎರಡೂ ಮನೆಗಳ ನಡುವೆ ಕಟ್ಟಿದ ಹಗ್ಗ ಹಿಡಿದು ಊಟಕ್ಕೆ ಹೊರಟಿದ್ದಾಗ ಕುರುಡುಗಾಳಿ ಎದ್ದಿತು. ಬೋಳು ಕಾಂಡಗಳ ನಡುವೆ ನುಗ್ಗಿ, ಸಾಲಿನ ಕೊನೆಯಲ್ಲಿದ್ದ ಇಬ್ಬರನ್ನು ಹಗ್ಗದಿಂದ ಕಿತ್ತಿತು. ಅಕ್ಕೋರು ಉಳಿದವರನ್ನು ಒಳಗೆ ಸೇರಿಸಿ, ಆ ಇಬ್ಬರನ್ನು ಹುಡುಕಲು ಮರಳಿ ಹೋದರು. ಗಾಳಿ ನಿಂತ ಮೇಲೆ ಮೂವರೂ ಬಾಗಿಲಿನ ಹತ್ತಿರವೇ ಸಿಕ್ಕರು. ಅಕ್ಕೋರ ಶಾಲಿನೊಳಗಿದ್ದ ಹುಡುಗನಿಗೆ ಉಸಿರಿತ್ತು. ಅಕ್ಕೋರಿಗೆ ಇರಲಿಲ್ಲ. ದಾನಮ್ಮನಿಗೂ ಇರಲಿಲ್ಲ.

ಮರುದಿನ ಸಂಗನಬಸಪ್ಪನವರು ನನ್ನ ಬಾಗಿಲಲ್ಲಿ ಬಂದು ನಿಂತರು.

"ಮಹಾದೇವಿ, ಆ ಮರ ಹಚ್ಚಿಸಿದಾಂವ ನಾ."

ಬಯ್ಯಬೇಕೆಂದುಕೊಂಡಿದ್ದೆ. ಬಾಗಿಲನ್ನು ಪೂರ್ತಿ ತೆರೆದೆ.

"ಒಳಗ ಬರ್ರಿ ಕಾಕಾ, ಹೊರಗ ಥಂಡಿ ಐತಿ," ಎಂದೆ.

ಹಿಮ ಕರಗಿದ ಮೇಲೆ ನಾವಿಬ್ಬರೂ ಸೇರಿ ಮುಳ್ಳುಪೊದೆ ನೆಟ್ಟೆವು. ಈ ನೆಲದಲ್ಲಿ ಅವು ಬಹಳ ನಿಧಾನ. ಇನ್ನೂ ನನ್ನ ಮೊಣಕಾಲು ಮುಟ್ಟಿಲ್ಲ. ಕಾಕಾ ಹೋದ ವರ್ಷ ತೀರಿಕೊಂಡರು.

ನಿಮ್ಮ ನೆಲ ಇನ್ನೂ ಮೆತ್ತಗಿದ್ದರೆ, ಶಾಲೆಯ ಅಂಗಳಕ್ಕೆ ಗಿಡ ಆರಿಸುವಾಗ ಚೆಂದವನ್ನು ಆಮೇಲೆ ನೋಡಿ. ಅಲ್ಲಿ ಚಳಿಗಾಲ ಕಳೆದವರನ್ನು ಮೊದಲು ಕೇಳಿ. ಈ ವರ್ಷವೇ ನೆಡಿ.

ಉತ್ತರದ ಆಕಾಶ ಬೆಳ್ಳಗಾಗುತ್ತಿದೆ; ಕುರುಡುಗಾಳಿ ಏಳುವ ಗುರುತು. ಮಕ್ಕಳು ಇನ್ನೂ ಪಾಠದ ಮನೆಯಲ್ಲಿದ್ದಾರೆ. ಅವರನ್ನು ಅಂಗಳ ದಾಟಿಸಲು ನಾನು ಹೋಗಬೇಕು.

ಮಹಾದೇವಿ