ಮೊದಲ ನಿಲುಗಡೆ ಅಲ್ಲಿ ಬೇಡ

ಉಪ್ಪಳ
11 ಫೆಬ್ರವರಿ 2018, ಭಾನುವಾರ

ಪ್ರೀತಿಯ ವ್ಯಾಲಿ,

ನೀವು ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ. ಇಲ್ಲಿ ನಾನೂ ಮಕ್ಕಳೂ ದೇವರ ದಯೆಯಿಂದ ಆರೋಗ್ಯವಾಗಿದ್ದೇವೆ. ಏಪ್ರಿಲ್ ತಿಂಗಳ ಟ್ರಿಪ್ಪಿನ ಪ್ಲಾನನ್ನು ನೀವು ಗ್ರೂಪಿಗೆ ಹಾಕಿ ಎರಡು ವಾರವಾಯಿತು. ಎಲ್ಲರೂ ಹೆಬ್ಬೆರಳು ಎತ್ತಿದರು, ನಾನು ಮಾತ್ರ ಒಂದು ಮಾತೂ ಬರೆಯಲಿಲ್ಲ. ತಡಮಾಡಿದ್ದಕ್ಕೆ ಕ್ಷಮಿಸಿ. ಬರೆಯಲು ಕೂತಾಗಲೆಲ್ಲ ಸಿಟ್ಟು ಬರುತ್ತಿತ್ತು, ಸಿಟ್ಟಿನಲ್ಲಿ ಬರೆಯಬಾರದೆಂದು ಎದ್ದು ಹೋಗುತ್ತಿದ್ದೆ. ಈಗಲೂ ಸಿಟ್ಟು ಇಳಿದಿಲ್ಲ. ಇಳಿಯುವವರೆಗೆ ಕಾದರೆ ಏಪ್ರಿಲ್ ಬರುತ್ತದೆ ಎಂದು ಕೂತಿದ್ದೇನೆ.

ಫೋನಿನಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಬೇಡಿ. ನಿಮ್ಮ ಫೋನು ಬಹರೈನಿನ ಆ ರೂಮಿನಲ್ಲಿ, ಎಲ್ಲರ ನಡುವೆ, ಯಾವಾಗಲೂ ಸ್ಪೀಕರಿನಲ್ಲಿ ಇರುತ್ತದೆ. ಇಂಗ್ಲಿಷ್ ಶಾಲೆಯಲ್ಲಿ ಕಲಿತ ನನಗೆ ಕೋಪ ಬಂದರೆ ಇಂಗ್ಲಿಷೇ ಬಾಯಿಗೆ ಬರುವುದು. ಮದುವೆಯ ಹೊಸದರಲ್ಲಿ ಹಾಗೆ ಬರೆದ ಪತ್ರಕ್ಕೆ "ರಜೆಯ ಅರ್ಜಿ ಬಂದ ಹಾಗೆ ಉಂಟು ಮಾರಾಯ್ತಿ" ಎಂದು ನಗಾಡಿದವರು ನೀವು. ಆದ್ದರಿಂದ ಕನ್ನಡದಲ್ಲಿ, ನಿಧಾನವಾಗಿ.

ಹಿಂದಿನ ಮನೆಯ ಲೋಕಯ್ಯಣ್ಣನ ಮಗ ಕೃಷ್ಣಕುಮಾರನಿಗೆ ರಜೆ ಮುಗಿಯಿತು, ಮಂಗಳವಾರ ನಿಮ್ಮ ರೂಮಿಗೆ ವಾಪಸು ಬರಲು ವಿಮಾನ ಹತ್ತುತ್ತಾನೆ. ಈ ಪತ್ರದ ಜೊತೆ ಅವನ ಕೈಯಲ್ಲಿ ಸಿಗಡಿ ಉಪ್ಪಿನಕಾಯಿ ಕಳಿಸಿದ್ದೇನೆ, ನಿಮ್ಮ ಹೆಸರಿನ ಹಬ್ಬಕ್ಕೆಂದು. ಆದರೆ ಈ ಸಲ ಸಂತ ವ್ಯಾಲೆಂಟೈನರ ಹಬ್ಬವೂ ಉಪವಾಸದ ಬೂದಿ ಬುಧವಾರವೂ ಒಂದೇ ದಿನ ಬಂದಿವೆ. ಡಬ್ಬಿಯನ್ನು ಗುರುವಾರ ತೆರೆಯಿರಿ.

ಐವನ್ ದಿನಾ ಬೆಳಿಗ್ಗೆ ಬಾಗಿಲಿನ ಪಟ್ಟಿಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಕೊಚ್ಚಿಯ ಆಟದ ಪಾರ್ಕಿನ ದೊಡ್ಡ ಉಯ್ಯಾಲೆಗೆ ಇಷ್ಟು ಎತ್ತರ ಬೇಕೆಂದು ಯಾರೋ ಹೇಳಿದ್ದಾರಂತೆ. "ಮಮ್ಮಿ, ಇನ್ನು ಎರಡು ಬೆರಳು ಉಂಟು. ಈಸ್ಟರಿಗೆ ಆಗ್ತದಾ?" ಎಂದು ಕೇಳುತ್ತಾನೆ. ಮೊನ್ನೆ ಚರ್ಚಿನ ಪೂಜೆಯಲ್ಲಿ ಎಲ್ಲರೂ ಮೊಣಕಾಲೂರಿದರೂ ಇವನು ನಿಂತೇ ಇದ್ದ. ಯಾಕೆಂದರೆ "ಮಡಚಿದ್ರೆ ಕುಳ್ಳ ಆಗ್ತದೆ" ಅಂತೆ. ಅವನಿಗೆ ಈ ಟ್ರಿಪ್ಪು ಎಷ್ಟು ದೊಡ್ಡದೆಂದು ನನಗೆ ಗೊತ್ತು. ನಿಮಗೂ ದೊಡ್ಡದೇ. ಎರಡು ವರ್ಷದಿಂದ ಹೇಳುತ್ತಿದ್ದೀರಿ: ಉಪ್ಪಳದಿಂದ ಕೊಚ್ಚಿಯ ಪಾರ್ಕಿನವರೆಗೆ ಕಡಲು ಬಿಡದೆ ಹೋಗಬೇಕು, ಕಡಲ ಬದಿಯಲ್ಲೇ ಟೆಂಟು ಹಾಕಿ ಮಲಗಬೇಕು, ಹೊಟೇಲು ಎಂಬ ಮಾತು ಬೇಡ. ನನಗೂ ಆಸೆ ಇತ್ತು. ಎಲ್ಲೆಲ್ಲಿ ನಿಲ್ಲಬಹುದು ಎಂದು ನಾನೂ ನೀವೂ ಒಂದೇ ಮ್ಯಾಪಿಗೆ ತಲೆ ಬಗ್ಗಿಸಿ ಕೂತ ಆ ಡಿಸೆಂಬರ್ ಬೆಳಿಗ್ಗೆ ನಾನು ಸುಖವಾಗಿದ್ದೆ, ವ್ಯಾಲಿ. ಅದನ್ನು ಅಲ್ಲಗಳೆಯುವುದಿಲ್ಲ.

ಈಗ ನಿಮ್ಮ ಪ್ಲಾನಿನ ಮೊದಲ ಸಾಲು. ಒಂಬತ್ತನೇ ತಾರೀಕು, ಮೊದಲ ನಿಲುಗಡೆ, ಕ್ರಿಸ್ಮಸ್ ರಜೆಯಲ್ಲಿ ನಾವು ಟೆಂಟಿನ ಟ್ರಯಲ್ ಮಾಡಿದ ಅದೇ ಬೀಚು. ಅದರ ಕೆಳಗೆ ನೀವು ಬರೆದದ್ದು: "ಇಲ್ಲಿ ನಮ್ಮ ಹುಡುಗರಿದ್ದಾರೆ. ನೀರು, ಲೈಟು, ಟಾಯ್ಲೆಟ್ಟು ಎಲ್ಲ ಅವರ ಕ್ಲಬ್ಬಿನದ್ದೇ. ಹೆಂಗಸರು ಹೆದರಬೇಕಾದ್ದಿಲ್ಲ."

ನಮ್ಮ ಹುಡುಗರು. ಈ ಎರಡು ಪದಗಳನ್ನು ಎಷ್ಟು ಸಲ ಓದಿದೆನೋ.

ಆ ಸಂಜೆ ನಡೆದದ್ದನ್ನು ನಾನು ಕಂಡ ಹಾಗೆ ಬರೆಯುತ್ತೇನೆ. ನಿಮ್ಮ ನೆನಪಿನಲ್ಲಿ ಅದು ಬೇರೆಯಾಗಿ ಕೂತಿದೆ ಎಂದು ಈಗ ಗೊತ್ತಾಗಿದೆ. ಸೂರ್ಯ ಆಗಷ್ಟೇ ಮುಳುಗಿದ್ದ. ನೀವು ಬಹರೈನಿನಿಂದ ತಂದ ಟೆಂಟಿನ ಮೊಳೆಗಳು ಹೊಯ್ಗೆಯಲ್ಲಿ ನಿಲ್ಲದೆ ಒಂದೊಂದೇ ಕಿತ್ತು ಬರುತ್ತಿದ್ದವು. ನನ್ನ ಅಣ್ಣನ ಮಗ ಆಲ್ವಿನ್ "ಅಂಕಲ್, ಇದು ಅರಬರ ಟೆಂಟು, ನಮ್ಮ ಗಾಳಿಯ ಭಾಷೆ ಇದಕ್ಕೆ ಬರುದಿಲ್ಲ" ಎಂದ. ನಮ್ಮ ಒಲಿವಿಯಾ ಬಿದ್ದು ಬಿದ್ದು ನಕ್ಕಳು. ಅವರಿಬ್ಬರೂ ಅಕ್ಕಿಯ ಗೋಣಿಗೆ ಹೊಯ್ಗೆ ತುಂಬಿಸಿ ಟೆಂಟಿನ ಮೂಲೆಗೆ ಇಡುತ್ತಿದ್ದರು. ನೀವು ಐವನ್ನನ ಜೊತೆ ನೀರಿನಲ್ಲಿದ್ದಿರಿ. ಆಗ ಬೈಕುಗಳು ಬಂದವು, ಆ ಕ್ಲಬ್ಬಿನ ಆರು ಜನ.

"ಎಂತ ಇಲ್ಲಿ?" ಎಂದು ಕೆಂಪು ಟೀ ಶರ್ಟಿನವನು ಕೇಳಿದ. ನೀವು ಓಡಿ ಬಂದು "ಫ್ಯಾಮಿಲಿ ಮಾರಾಯ್ರೆ, ಫ್ಯಾಮಿಲಿ" ಎಂದಿರಿ.

"ಈ ಹುಡುಗಿ?"

"ಮಗಳು."

"ಇವ?"

"ಹೆಂಡತಿಯ ಅಣ್ಣನ ಮಗ."

"ಹಾಗೆ ಎಲ್ಲರೂ ಹೇಳ್ತಾರೆ. ಕಾರ್ಡ್ ಉಂಟಾ?"

ಆಲ್ವಿನ್ "ಕಾರ್ಡ್ ಕೇಳ್ಲಿಕ್ಕೆ ನೀವು ಯಾರು?" ಎಂದ. ಅವನ ಎದೆಗೆ ಒಬ್ಬ ಕೈ ಇಟ್ಟು ಹಿಂದೆ ತಳ್ಳಿದ. ತಳ್ಳಿದವನನ್ನು ನೀವು ತಡೆಯಲಿಲ್ಲ. ಆಲ್ವಿನ್ನನಿಗೆ "ನೀನು ಬಾಯಿ ಮುಚ್ಚು" ಎಂದು ಗದರಿದಿರಿ. ಪರ್ಸಿನಿಂದ ಎಲ್ಲರ ಆಧಾರ್ ಕಾರ್ಡು ತೆಗೆದು ತೋರಿಸಿದಿರಿ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕೆಂಪು ಶರ್ಟಿನವನು ಒಲಿವಿಯಾಳನ್ನು ನೋಡುತ್ತಾ "ಅವಳ ಫೋನು ನೋಡಿದ್ರೆ ಎಲ್ಲ ಗೊತ್ತಾಗ್ತದೆ" ಎಂದ.

ಹದಿನೈದು ವರ್ಷದ ಮಗಳು ಫೋನನ್ನು ಬೆನ್ನ ಹಿಂದೆ ಹಿಡಿದು ನಿಂತಳು. ನಿಮ್ಮನ್ನೇ ನೋಡಿದಳು. ನೀವು "ಕೊಡು ಮಗಾ, ನಾವು ಎಂತ ತಪ್ಪು ಮಾಡಿದ್ದೇವೆ, ಕೊಡು" ಎಂದು ಅವಳ ಬೆರಳುಗಳನ್ನು ಬಿಡಿಸಿ ತೆಗೆದುಕೊಟ್ಟಿರಿ. ಲಾಕಿನ ನಂಬರನ್ನೂ ಅವಳಿಂದ ಹೇಳಿಸಿದಿರಿ.

ಅವನು ಓದಿದ. ಜೋರಾಗಿ ಓದಿದ. ಅವಳು ಗೆಳತಿ ಪಿಂಕಿಗೆ ಬರೆದದ್ದು: ಹೊಟ್ಟೆನೋವಿನ ದಿನಗಳ ಬಗ್ಗೆ, ಗಣಿತದ ಮಾಸ್ತರರ ಮೀಸೆಯ ಬಗ್ಗೆ, ಯಾರೋ ಹುಡುಗ ಚಂದ ಹಾಡುತ್ತಾನೆ ಎಂಬುದರ ಬಗ್ಗೆ. ಅವರು ನಕ್ಕರು. ನೀವೂ ನಕ್ಕಿರಿ, ವ್ಯಾಲಿ. "ಮಕ್ಕಳಲ್ವಾ!" ಎಂದು ನಕ್ಕಿರಿ. ಆಮೇಲೆ "ಊಟ ಮಾಡಿ ಹೋಗಿ, ಚಿಕನ್ ಸುಕ್ಕ ಉಂಟು" ಎಂದು ಕೂರಿಸಿದಿರಿ. ಬಡಿಸಿದವಳು ನಾನು. ಅದನ್ನು ಮರೆತು ಈ ಪತ್ರ ಬರೆಯುತ್ತಿಲ್ಲ.

*

ಭಾನುವಾರ ಅಲ್ಲಿಗೆ ನಿಲ್ಲಿಸಿದ್ದೆ. ಈಗ ಸೋಮವಾರ, ಶಾಲೆಯಲ್ಲಿ ಬಿಡುವಿನ ಪಿರಿಯಡ್ಡು.

ನಿನ್ನೆ ಬರೆದದ್ದನ್ನು ಓದಿ ನೋಡಿದೆ, ಅನ್ಯಾಯ ಮಾಡುತ್ತಿದ್ದೇನೆಯೇ ಎಂದು. ನೀವು ಎದುರು ಮಾತಾಡಿದ್ದರೆ ಆಲ್ವಿನ್ನನಿಗೆ ಪೆಟ್ಟು ಬೀಳುತ್ತಿತ್ತು. ಐವನ್ ಚಿಕ್ಕವನು. ನೀವು ಒಬ್ಬರು, ಅವರು ಆರು ಜನ. ಹೆದರಿದ್ದು ತಪ್ಪಲ್ಲ. ನಾನೂ ಹೆದರಿಯೇ ಬಡಿಸಿದೆ. ಮನೆಗೆ ಬಂದು ಬಾಗಿಲು ಹಾಕಿದ ಮೇಲೆ "ನಾನು ಹೆದರಿದೆ ಮಗಾ, ನನ್ನಿಂದ ಆಗಲಿಲ್ಲ" ಎಂದು ಒಂದು ಮಾತು ನೀವು ಒಲಿವಿಯಾಳಿಗೆ ಹೇಳಿದ್ದರೆ ಈ ಪತ್ರವೇ ಬೇಕಿರಲಿಲ್ಲ. ನೀವು ಹೇಳಿದ್ದು ಬೇರೆ: "ನೋಡಿದ್ಯಾ, ಒಳ್ಳೆ ಮಾತಲ್ಲಿ ಮುಗಿಸಿದೆ. ಪಾಪ, ನಮ್ಮ ರಕ್ಷಣೆಗೆ ಬಂದವರು ಅವರು." ನನ್ನ ಸಿಟ್ಟು ನಿಮ್ಮ ಹೆದರಿಕೆಯ ಮೇಲಲ್ಲ. ಹೆದರಿಕೆಗೆ ಸ್ನೇಹ ಎಂದು ಹೆಸರಿಟ್ಟು, ಆ ಸ್ನೇಹಕ್ಕೆ ಮಗಳನ್ನು ಒಪ್ಪಿಸಲು ಹೊರಟಿದ್ದೀರಲ್ಲ, ಅದರ ಮೇಲೆ.

ಕೃಷ್ಣಕುಮಾರ ರಜೆಗೆ ಬಂದವನು ಕಳೆದ ತಿಂಗಳು ನಮ್ಮ ಮನೆಗೆ ಚಹಾಕ್ಕೆ ಬಂದಿದ್ದ. ಒಳ್ಳೆಯ ಹುಡುಗ, ಅವನದ್ದು ಏನೂ ತಪ್ಪಿಲ್ಲ. "ಅಕ್ಕಾ, ವ್ಯಾಲಿಯಣ್ಣ ಆ ಬೀಚಿನ ಕಥೆ ಹೇಳಿದ್ದು ಕೇಳಿ ರೂಮಲ್ಲಿ ಎಲ್ಲರೂ ನಗಾಡಿ ನಗಾಡಿ ಸುಸ್ತು. ಒಲಿವಿಯಾಳ ಲವ್ ಲೆಟರ್ ಓದಿದ್ದಂತೆ ಅಲ್ವಾ!" ಎಂದ. ಒಲಿವಿಯಾ ಬಾಳೆಹಣ್ಣಿನ ಚಿಪ್ಸು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ತಟ್ಟೆಯನ್ನು ಮೆಲ್ಲ ಮೇಜಿನ ಮೇಲೆ ಇಟ್ಟು ಒಳಗೆ ಹೋದಳು. ನಿಮ್ಮ ರೂಮಿನಲ್ಲಿ ಆ ಕಥೆಗೆ ಲವ್ ಲೆಟರ್ ಬೇಕಾಯಿತೇ, ವ್ಯಾಲಿ? ಇದ್ದದ್ದು ಸಾಲದಾಯಿತೇ?

ಅದಾದ ಮೂರನೇ ದಿನ ಅವಳ ಫೋನಿಗೆ ಮೆಸೇಜು ಬಂತು. ಫೋನು ಕೈಯಲ್ಲಿದ್ದಾಗ ಆ ಕೆಂಪು ಶರ್ಟಿನವನು ತನ್ನ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟುಕೊಂಡಿದ್ದಿರಬೇಕು. ಹೀಗಿತ್ತು: "ನಿನ್ನ ಪಪ್ಪ ಹೇಳಿದ್ರು ಏಪ್ರಿಲ್ ಒಂಬತ್ತಕ್ಕೆ ಬರ್ತೀರಂತೆ. ಈ ಸಲ ಮರ್ಯಾದೆಯ ಡ್ರೆಸ್ ಹಾಕಿ ಬಾ. ನಾನು ನೋಡ್ಲಿಕ್ಕೆ ಉಂಟು."

ನಿನ್ನ ಪಪ್ಪ ಹೇಳಿದರು. ಅಂದರೆ ನೀವು ಅವನ ಜೊತೆ ಮಾತಾಡುತ್ತಿದ್ದೀರಿ. ನೀವು ಪ್ಲಾನನ್ನು ಗ್ರೂಪಿಗೆ ಹಾಕಿ ತಾರೀಕು ನಮಗೆ ಗೊತ್ತಾಗುವ ಮೊದಲೇ ಅವನಿಗೆ ಗೊತ್ತಿತ್ತು.

ಆವತ್ತೇ ನಿಮಗೆ ಫೋನು ಮಾಡಿದೆನಲ್ಲ, ನೆನಪಿದೆಯೇ? ಮೆಸೇಜನ್ನು ಓದಿ ಹೇಳಿದೆ. ನೀವು "ಒಳ್ಳೆ ಮಾತೇ ಅಲ್ವಾ ಸೋಫಿ? ಅಣ್ಣನ ಹಾಗೆ ಹೇಳಿದ್ದಾನೆ. ನೀನು ಎಲ್ಲದಕ್ಕೂ ಪರೀಕ್ಷೆ ಪೇಪರ್ ತಿದ್ದಿದ ಹಾಗೆ ಕೆಂಪು ಗೀಟು ಹಾಕ್ತಿ" ಎಂದಿರಿ. ಹಿಂದಿನಿಂದ ಯಾರೋ "ಎಂತ, ಟೀಚರಾ?" ಎಂದು ನಕ್ಕರು. ನಾನು ಫೋನು ಇಟ್ಟುಬಿಟ್ಟೆ.

ಪೊಲೀಸರಿಗೆ ಹೇಳೋಣವೇ ಎಂದು ಅಣ್ಣನನ್ನು ಕೇಳಿದೆ. "ಹೆಣ್ಣು ಮಗುವಿನ ಹೆಸರು ಸುಮ್ಮನೆ ಯಾಕೆ ಎಳೀತಿ? ನಂಬರ್ ಚೇಂಜ್ ಮಾಡು, ಸಾಕು" ಎಂದ. ಸಿಮ್ ಬದಲಾಯಿಸಿದೆ. ತಪ್ಪು ಮಾಡಿದವನ ನಂಬರು ಹಾಗೇ ಉಂಟು, ಬದಲಾದದ್ದು ಇವಳದ್ದು. ಹಳೆಯ ಮೆಸೇಜನ್ನು ಮಾತ್ರ ನಾನು ಅಳಿಸಿಲ್ಲ. ಇನ್ನೊಂದು ಬಂದರೆ ಅಣ್ಣನನ್ನು ಕೇಳದೆ ಠಾಣೆಗೆ ಹೋಗುತ್ತೇನೆ.

ಇನ್ನು ಟ್ರಿಪ್ಪಿನ ವಿಷಯ. ಅದನ್ನು ನಿಲ್ಲಿಸುವುದಿಲ್ಲ. ಕಡಲು ಆ ಆರು ಜನರದ್ದಲ್ಲ. ನಾನೇ ಬೇರೆ ನಿಲುಗಡೆಗಳನ್ನು ನೋಡಿದ್ದೇನೆ. ನೀವು ಅಲೆ ಎಷ್ಟು ಹತ್ತಿರ ಎಂದು ನೋಡಿ ಜಾಗ ಆರಿಸಿದ್ದೀರಿ. ನಾನು ಟೆಂಟಿನಿಂದ ಬಚ್ಚಲಿಗೆ ಎಷ್ಟು ಹತ್ತಿರ, ದಾರಿಯಲ್ಲಿ ದೀಪ ಉಂಟೇ ಎಂದು ನೋಡಿದ್ದೇನೆ. ಮೊದಲ ರಾತ್ರಿ ಕಣ್ಣೂರಿನಲ್ಲಿ ಕಾನ್ವೆಂಟಿನ ಸಿಸ್ಟರುಗಳ ಗೆಸ್ಟ್ ಹೌಸು. ಮರುದಿನ ಮುಳಪ್ಪಿಲಂಗಾಡಿನ ಹೊಯ್ಗೆಯ ಮೇಲೆ ಹಗಲಲ್ಲಿ ಕಾರು ಓಡಿಸಬಹುದು, ಐವನ್ನನಿಗೆ ಅದು ಬೇಕೇ ಬೇಕು. ರಾತ್ರಿಗೆ ಬೇಪೂರಿನ ಹತ್ತಿರ ಅಮ್ಮಣಿ ಎಂಬವರ ಮನೆ. ನನ್ನ ಜೊತೆ ಟ್ರೈನಿಂಗಿನಲ್ಲಿದ್ದ ಟೀಚರ್ ಅವರು. ಫೋನಿನಲ್ಲಿ "ಸೋಫಿಯಾ, ಟೆಂಟ್ ಹಿತ್ತಿಲಲ್ಲಿ ಹಾಕು, ಗೇಟ್ ತೆರೆದ್ರೆ ಕಡಲು. ನಮ್ಮ ನಾಯಿ ಮಾತ್ರ ಟೆಂಟಿನ ಒಳಗೆ ಬಂದು ಮಲಗ್ತದೆ, ಅದಕ್ಕೆ ಬಾಡಿಗೆ ಬೇಡ" ಎಂದರು. ಅದರ ಮರುದಿನ ಚೆರಾಯಿ, ಆಮೇಲೆ ಪಾರ್ಕು. ಕಾರು ನಾನೇ ಓಡಿಸುತ್ತೇನೆ. ಲೈಸೆನ್ಸು ಮಾಡಿಸಿಕೊಟ್ಟವರು ನೀವೇ, ಬೇಡ ಎನ್ನಲಾರಿರಿ.

ಆ ಕಾರಿನಲ್ಲಿ ನಿಮಗೆ ಸೀಟು ಉಂಟೋ ಇಲ್ಲವೋ ಎಂಬುದು ನನ್ನ ಕೈಯಲ್ಲಿಲ್ಲ. "ಪಪ್ಪ ಬರುದಾದ್ರೆ ನಾನು ಬರುದಿಲ್ಲ" ಎಂದು ಒಲಿವಿಯಾ ಹೇಳಿದ್ದಾಳೆ. ಅಳಲಿಲ್ಲ, ಕೂಗಲಿಲ್ಲ. ಹೋಂವರ್ಕು ಮಾಡುತ್ತಾ ತಲೆ ಎತ್ತದೆ ಹೇಳಿದಳು. ಅವಳನ್ನು ಒತ್ತಾಯಿಸಲು ನನಗೆ ಬಾಯಿ ಬರುವುದಿಲ್ಲ. ಅವಳನ್ನು ಬಿಟ್ಟು ಹೋಗಲೂ ನಾನು ಒಪ್ಪುವುದಿಲ್ಲ.

ನೀವು ಎರಡು ಕೆಲಸ ಮಾಡಿ. ಆ ಹುಡುಗನಿಗೆ ಫೋನು ಮಾಡಿ, ನನ್ನ ಮಗಳಿಗೆ ಇನ್ನು ಒಂದಕ್ಷರ ಬರೆದರೆ ನಾನೇ ದೂರು ಕೊಡುತ್ತೇನೆ ಎಂದು ಹೇಳಿ. ಆಗ ಆ ರೂಮಿನವರೆಲ್ಲ ಕೇಳಲಿ, ಸ್ಪೀಕರ್ ಹಾಕಿಯೇ ಹೇಳಿ. ಆಮೇಲೆ ಒಲಿವಿಯಾಳಿಗೆ ಕೈಯಲ್ಲಿ ಪತ್ರ ಬರೆಯಿರಿ. ಅದರಲ್ಲಿ ತಮಾಷೆ ಬೇಡ, ಬುದ್ಧಿಮಾತು ಬೇಡ, ನನ್ನ ಹೆಸರೂ ಬೇಡ. ಏನು ಬರೆಯಬೇಕೆಂದು ನಾನು ಹೇಳಿಕೊಡುವುದಿಲ್ಲ. ನಾನು ಹೇಳಿಕೊಟ್ಟದ್ದು ಎಂದು ಅವಳಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ.

ಊಟ ತಪ್ಪಿಸಬೇಡಿ. ಉಪವಾಸದ ದಿನಗಳೆಂದು ಖಾಲಿ ಹೊಟ್ಟೆಯಲ್ಲಿ ಶುಗರಿನ ಮಾತ್ರೆ ನುಂಗಬೇಡಿ. ಈ ನಲವತ್ತು ದಿನ ನಿಮಗಾಗಿ ಬೇಡುತ್ತೇನೆ, ಸಿಟ್ಟಿನಲ್ಲೇ ಬೇಡುತ್ತೇನೆ. ದೇವರು ನಿಮ್ಮನ್ನು ಕಾಪಾಡಲಿ, ಸತ್ಯ ಹೇಳುವಷ್ಟು ಧೈರ್ಯವನ್ನೂ ಕೊಡಲಿ.

ಇಂತಿ ನಿಮ್ಮ
ಸೋಫಿಯಾ

ಮರೆತ ಮಾತು: ಇದನ್ನು ಬರೆಯಬಾರದೆಂದಿದ್ದೆ. ಲಕೋಟೆಗೆ ಅಂಟು ಹಾಕಿದವಳು ಮತ್ತೆ ತೆರೆದಿದ್ದೇನೆ. ಶನಿವಾರ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಾಗ ಒಲಿವಿಯಾ ಕೇಳಿದಳು: "ಮಮ್ಮಿ, ಆ ಬೀಚಲ್ಲಿ ಅವರು ಫೋನ್ ಕೇಳುದು ಬಿಟ್ಟು, ನನ್ನನ್ನೇ ಸ್ವಲ್ಪ ಆಚೆ ಕಳಿಸಿ, ಮಾತಾಡ್ಲಿಕ್ಕೆ ಉಂಟು ಅಂದಿದ್ರೆ? ಆಗ್ಲೂ ಪಪ್ಪ 'ಹೋಗು ಮಗಾ' ಅಂತ ಹೇಳ್ತಿದ್ರಾ?" ಇಲ್ಲ, ಖಂಡಿತ ಇಲ್ಲ ಎಂದೆ. ಆದರೆ ಕೂಡಲೇ ಹೇಳಲಿಲ್ಲ, ವ್ಯಾಲಿ. ಕೈಯಲ್ಲಿದ್ದ, ನೀವು ಇಲ್ಲಿ ಬಿಟ್ಟುಹೋದ ಶರ್ಟನ್ನು ಒಮ್ಮೆ ಕೊಡವಿ, ಸರಿಗೆಗೆ ಹಾಕಿ, ಆಮೇಲೆ ಹೇಳಿದೆ. ಅಷ್ಟು ಹೊತ್ತೂ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.