ಆಮಾ ಎಂದು ಕರೆಯುವ ಶಾಲೆ

ಜನವರಿ 16, ಬೆಳಗ್ಗೆ

ಜಡೆ ಇವತ್ತೂ ಸೊಟ್ಟ. ಒಂದು ಕಿವಿ ಹತ್ತಿರ, ಇನ್ನೊಂದು ಕತ್ತಿನ ಹತ್ತಿರ. ಎನಾರಾ ಕನ್ನಡಿ ನೋಡಿಕೊಂಡು ಚೆನ್ನಾಗಿದೆ ಅಂತ ತಲೆ ಆಡಿಸಿದಳು. ಮೂರು ವರ್ಷದ ಮಗಳು ಅಪ್ಪನ ಮೇಲೆ ಕರುಣೆ ತೋರಿಸುತ್ತಿದ್ದಾಳೆ.

ಶೂ ಹಾಕುವಾಗ ನನ್ನ ಹೆಂಡತಿ ಮಯಾಲೆನ್ ಏನೋ ಒಂದು ಮಾತು ಹೇಳುತ್ತಿದ್ದಳು. ಬಾಸ್ಕ್‌ನಲ್ಲಿ, ಅವಳ ತವರಿನ ಭಾಷೆಯಲ್ಲಿ. ಅದು ಕಿವಿಗೆ ಬಿದ್ದ ಕೂಡಲೇ ಎನಾರಾ ತಾನಾಗಿ ಕಾಲು ಚಾಚುತ್ತಿದ್ದಳು. ನನಗೆ ಆ ಮಾತು ಗೊತ್ತಿಲ್ಲ. ಕಾಲು ಹಿಡಿದು ತುರುಕುತ್ತೇನೆ... ಈ ಊರಲ್ಲಿ ಅವಳ ಜೊತೆ ಆ ಭಾಷೆ ಆಡುತ್ತಿದ್ದದ್ದು ಅವಳ ತಾಯಿ ಒಬ್ಬಳೇ. ಅಕ್ಟೋಬರ್‌ನಲ್ಲಿ ಮಯಾಲೆನ್ ತೀರಿಹೋದಳು. ಭಾಷೆಯೂ ಮನೆಯಿಂದ ಹೋಯಿತು.

ಸೆಪ್ಟೆಂಬರ್‌ಗೆ ಮಗೂನ ಎಲ್ಲಾದರೂ ಸೇರಿಸಬೇಕು. ಫೆಬ್ರವರಿ ಒಂಬತ್ತರೊಳಗೆ ಹೆಸರು ಕೊಡಬೇಕು. ಒಂದೋ ನನ್ನ ಅಕ್ಕ ಚಾರೋ ಕೆಲಸ ಮಾಡುವ ಖಾಸಗಿ ನರ್ಸರಿ — ನಮ್ಮ ಸ್ಪ್ಯಾನಿಷ್, ಜೊತೆಗೆ ಇಂಗ್ಲಿಷ್, ನೀಲಿ ಅಂಗಿ. ಇಲ್ಲವೇ ಸೇತುವೆ ಆಚೆಯ ಸರ್ಕಾರಿ ಶಾಲೆ. ಅಲ್ಲಿ ಆಟ, ಪಾಠ, ಬೈಗುಳ, ಎಲ್ಲಾ ಬಾಸ್ಕ್‌ನಲ್ಲೇ. ಮಯಾಲೆನ್ ಇದ್ದಿದ್ದರೆ ಯೋಚಿಸುವ ಮಾತೇ ಇರುತ್ತಿರಲಿಲ್ಲ.

ಫ್ಯಾಕ್ಟರಿಗೆ ತಡವಾಯಿತು.

ಜನವರಿ 21, ಭಾನುವಾರ

ಚಾರೋ ಮನೆಯಲ್ಲಿ ಊಟ. ಎನಾರಾ ಅವಳ ತೊಡೆ ಬಿಟ್ಟು ಇಳಿಯಲಿಲ್ಲ. ಅಲ್ಲೇ ತಿಂದಳು, ಅಲ್ಲೇ ತೂಕಡಿಸಿದಳು.

"ನೋಡೋ ಎಲೋಯ್," ಚಾರೋ ಪಿಸುಗುಟ್ಟಿದಳು. "ನರ್ಸರೀಲೂ ಹಿಂಗೇ ನನ್ನ ಕಣ್ಣ ಮುಂದೆ ಇರ್ತಾಳೆ. ಅತ್ರೆ ಎತ್ಕೊಳ್ಳೋಕೆ ನಾನಿದೀನಿ. ಇನ್ನೇನು ಬೇಕು ನಿಂಗೆ?"

"ಮಯಾಲೆನ್‌ಗೆ ಆ ಸ್ಕೂಲೇ ಬೇಕಿತ್ತು."

"ಅವಳಿದ್ದಾಗಿನ ಮಾತು ಬೇರೆ. ಈಗ ಮಗು ಮನೆಗೆ ಬಂದು ಆ ಭಾಷೇಲಿ ಏನಾದ್ರೂ ಕೇಳಿದ್ರೆ ಯಾರಿಗೆ ಅರ್ಥ ಆಗೋದು? ನಿಂಗಾ? ಇಷ್ಟು ವರ್ಷ ಸಂಸಾರ ಮಾಡಿದೀಯ, ಹಸಿವಾಗ್ತಿದ್ಯಾ ಅಂತ ಕೇಳೋಕೂ ಬರಲ್ಲ."

"ಬರುತ್ತೆ."

"ಎಲ್ಲಿ, ಕೇಳು ನೋಡೋಣ."

ಬಾಯಿ ತೆರೆದೆ. ಬರಲಿಲ್ಲ. ಭಾವ ನಕ್ಕ. ಚಾರೋ ನಗಲಿಲ್ಲ, ನನ್ನ ತಟ್ಟೆಗೆ ಇನ್ನೊಂದಿಷ್ಟು ಆರ್ಟಿಚೋಕ್ ಪಲ್ಯ ಬಡಿಸಿದಳು.

ಸಂಜೆ ಮಾವನ ಫೋನ್. ಮಯಾಲೆನ್‌ಳ ತವರು ಬಸ್ತಾನ್ ಕಣಿವೆಯಿಂದ, ಪ್ರತಿ ಭಾನುವಾರದ ಹಾಗೆ. ಮೊಮ್ಮಗಳ ಹತ್ತಿರ ಬಾಸ್ಕ್‌ನಲ್ಲಿ ಮಾತಾಡುತ್ತಾನೆ. ಇವಳು ಫೋನ್ ಕಿವಿಗಿಟ್ಟುಕೊಂಡು ತಲೆ ಆಡಿಸುತ್ತಾಳೆ. ಮುದುಕನಿಗೆ ಆ ಕಡೆ ಅದು ಕಾಣುತ್ತದೆಯೇ? ತಾಯಿ ಹೋದಮೇಲೆ ಅವಳ ಬಾಯಿಂದ ಆ ಭಾಷೆಯ ಒಂದು ಮಾತೂ ಹೊರಟಿಲ್ಲ.

ಜನವರಿ 30

ಬರೆಯಲು ಆಗುತ್ತಿಲ್ಲ. ನಾಳೆ.

ಜನವರಿ 31

ನಿನ್ನೆ ಸರ್ಕಾರಿ ಶಾಲೆಯವರು ಹೊಸ ಮಕ್ಕಳ ತಂದೆತಾಯಿಗಳನ್ನು ಶಾಲೆ ನೋಡಲು ಕರೆದಿದ್ದರು. ಎನಾರಾಳನ್ನೂ ಕರೆದುಕೊಂಡು ಹೋದೆ. ಪುಟ್ಟ ಕುರ್ಚಿಗಳು. ಕೋಟು ನೇತುಹಾಕಲು ಪ್ರತಿ ಮಗುವಿಗೂ ಒಂದೊಂದು ಮೊಳೆ, ಮೇಲೆ ಒಂದೊಂದು ಚಿತ್ರ. ಕರ್ಮೆಲೆ ಅಂತ ಟೀಚರ್, ನರೆಗೂದಲು, ಮೆತ್ತಗಿನ ದನಿ. ನಮಗೆಲ್ಲ ಬಾಸ್ಕ್‌ನಲ್ಲಿ ಏನೋ ಹೇಳಿ ಆಮೇಲೆ ಸ್ಪ್ಯಾನಿಷ್‌ನಲ್ಲಿ ಹೇಳುತ್ತಿದ್ದಳು. ಎನಾರಾ ನನ್ನ ಕೈ ಬಿಗಿಯಾಗಿ ಹಿಡಿದು ಅವಳ ಬಾಯಿಯನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಹೊರಗೆ ಯಾವುದೋ ಮಗು ಕೂಗಿತು. ಆಮಾ!

ಆ ಭಾಷೆಯಲ್ಲಿ ಅಮ್ಮ ಅಂದರೆ ಆಮಾ. ಸೇತುವೆ ಈಚೆ ನಮ್ಮ ಬೀದಿಯಲ್ಲಿ ಮಕ್ಕಳೆಲ್ಲ ಮಮ್ಮಾ ಅಂತಾರೆ. ಎನಾರಾ ಒಬ್ಬಳೇ ಆಮಾ ಅನ್ನುತ್ತಿದ್ದದ್ದು. ಅವಳ ಮಟ್ಟಿಗೆ ಆಮಾ ಅಂದರೆ ಜಗತ್ತಿನಲ್ಲಿ ಒಬ್ಬಳೇ.

ಕೈ ಕೊಸರಿಕೊಂಡು ಓಡಿದಳು. ಪಕ್ಕದ ಕೋಣೆಗೆ. ಅದರ ಪಕ್ಕದ ಕೋಣೆಗೆ. ಆಟದ ಸಾಮಾನಿನ ಕಪಾಟಿನ ಬಾಗಿಲು ತೆಗೆದಳು. ಬಚ್ಚಲಲ್ಲಿ ಬಗ್ಗಿ ನೋಡಿದಳು. ನಾನು ಹಿಂದೆ ಹಿಂದೆ. ಅಳು ಇಲ್ಲ, ಗಾಬರಿ ಇಲ್ಲ, ಮುಖದ ತುಂಬ ಖುಷಿ. ಅದನ್ನೇ ನೋಡಲಾಗಲಿಲ್ಲ ನನಗೆ. ಕಡೆಗೆ ಬಂದು ನನ್ನ ತೋಳು ಎಳೆದಳು.

"ಪಪ್ಪಾ, ಆಮಾ ಇನ್ನೂ ಬಂದಿಲ್ಲ. ಕೂತಿರೋಣ."

ಕೂತೆವು. ಆ ಪುಟ್ಟ ಕುರ್ಚಿ ಮೇಲೆ. ಎಲ್ಲರೂ ಹೋದಮೇಲೂ. ಕರ್ಮೆಲೆ ಟೀಚರ್ ಬಂದು ಪಕ್ಕದಲ್ಲಿ ಕೂತಳು.

ಫೆಬ್ರವರಿ 3

ಚಾರೋಗೆ ಹೇಳಿಬಿಟ್ಟೆ. ನಿನ್ನ ನರ್ಸರಿಗೇ ಸೇರಿಸುತ್ತೇನೆ. ಅವಳು ಗೆದ್ದವಳ ಹಾಗೆ ಆಡಲಿಲ್ಲ. "ಒಳ್ಳೇದಾಯ್ತು ಕಣೋ" ಅಂತ ನನ್ನ ಬೆನ್ನು ಸವರಿದಳು. ಸೋಮವಾರ ಹೆಸರು ಬರೆಸುತ್ತಾಳೆ.

ಮಾವನಿಗೂ ಫೋನ್ ಮಾಡಿದೆ. ಬೈಯುತ್ತಾನೆ ಅಂತ ಕಾದೆ. ತಡವರಿಸುವ ಸ್ಪ್ಯಾನಿಷ್‌ನಲ್ಲಿ ಅಂದ: "ಎಲ್ಲಿ ಹಾಕಿದ್ರೂ ಸರಿ ಮಗಾ. ಮಗು ಅಳದೇ ಇರೋ ಕಡೆ ಹಾಕು." ಆಮೇಲೆ ಹಸು ಕರು ಹಾಕಿದ ಸುದ್ದಿ ಹೇಳಿದ. ದನಿ ಚಿಕ್ಕದಾಗಿತ್ತು.

ಸರಿಯಾದದ್ದನ್ನೇ ಮಾಡಿದೆ. ಇನ್ನು ಈ ವಿಷಯ ಬರೆಯುವುದಿಲ್ಲ.

ಫೆಬ್ರವರಿ 8, ಸಂಜೆ

ಬರೆಯುತ್ತಿದ್ದೇನೆ.

ಪಾತ್ರೆ ತೊಳೆಯುತ್ತಿದ್ದೆ. ಹಿಂದಿನ ಕೋಣೆಯಲ್ಲಿ ಮಯಾಲೆನ್ ಮಾತಾಡಿದಳು.

ಕೈ ಹಾಗೇ ನಿಂತಿತು. ಶೂ ಹಾಕುವಾಗಿನ ಮಾತು. ಅದೇ ರಾಗ, ಕೊನೆಯಲ್ಲಿ ಅದೇ ಸಣ್ಣ ಗದರಿಕೆ. ಮೆಲ್ಲಗೆ ಹೋಗಿ ಬಾಗಿಲಲ್ಲಿ ನಿಂತೆ. ಎನಾರಾ ತನ್ನ ಬಟ್ಟೆಯ ಮೊಲಕ್ಕೆ ಶೂ ಹಾಕುತ್ತಿದ್ದಳು. ಇನ್ನೊಂದು ಸಲ ಹೇಳಿದಳು. ಇನ್ನೊಂದು ಸಲ. ಪೂರ್ತಿ ವಾಕ್ಯ, ಒಂದು ಅಕ್ಷರ ಕಳೆದಿಲ್ಲ. ನನ್ನನ್ನು ನೋಡಿದ ಕೂಡಲೇ ನಿಲ್ಲಿಸಿ ಸ್ಪ್ಯಾನಿಷ್‌ಗೆ ಬಂದಳು.

"ಇದಕ್ಕೆ ಕಾಲು ಚಾಚೋಕೆ ಬರಲ್ಲ ಪಪ್ಪಾ."

ಇಷ್ಟು ದಿನ ಎಲ್ಲಿ ಇಟ್ಟುಕೊಂಡಿದ್ದಳು? ನನ್ನ ಮುಂದೆ ಆಡಿ ಪ್ರಯೋಜನವಿಲ್ಲ ಅಂತ ಗೊತ್ತಾಗಿದೆ ಅವಳಿಗೆ. ಮೊಲವೂ ಉತ್ತರ ಕೊಡುವುದಿಲ್ಲ. ಹೀಗೇ ಬಿಟ್ಟರೆ ಇನ್ನೊಂದು ವರ್ಷದಲ್ಲಿ ಆ ಮಾತೂ ಹೋಗುತ್ತದೆ. ಮಯಾಲೆನ್‌ಳದು ಅಂತ ಈ ಮನೆಯಲ್ಲಿ ಜೀವಂತ ಇರುವುದು ಅದೊಂದೇ. ಅದನ್ನು ನಾನು ಹೂಳಲಾರೆ.

ಫೆಬ್ರವರಿ 9

ಕೊನೇ ದಿನ. ಸೇತುವೆ ದಾಟಿ ಹೋಗಿ ಸರ್ಕಾರಿ ಶಾಲೆಯಲ್ಲಿ ಹೆಸರು ಕೊಟ್ಟು ಬಂದೆ.

ಚಾರೋ ಮನೆಗೇ ಬಂದಳು. ಕೋಟೂ ಬಿಚ್ಚಲಿಲ್ಲ.

"ಮೊನ್ನೆ ಆ ಮಗು ಕಪಾಟಿನಲ್ಲಿ ತಾಯೀನ ಹುಡುಕ್ತು ಅಂತ ನೀನೇ ಅತ್ಕೊಂಡು ಹೇಳ್ದೆ. ಈಗ ದಿನಾ ಹುಡುಕ್ಲಿ ಅಂತಾನಾ?"

"ಮರೆತುಬಿಡ್ತಾಳೆ ಚಾರೋ. ಭಾಷೆ ಹೋದ್ರೆ ಮಯಾಲೆನ್‌ನೂ ಮರೀತಾಳೆ."

"ಒಂದು ಮಾತು ಕೇಳ್ತೀನಿ, ನಿಜ ಹೇಳು. ಅಲ್ಲಿ ಸೇರ್ಸಿದ್ದು ಮಗೂಗೋಸ್ಕರಾನೋ, ನಿಂಗೋಸ್ಕರಾನೋ?"

ಮಗುವಿಗೋಸ್ಕರ ಅಂದೆ. ಬಾಗಿಲು ದಡಾರನೆ ಹಾಕಿಕೊಂಡು ಹೋದಳು. ಮೆಟ್ಟಿಲಿಳಿದವಳು ವಾಪಸ್ ಹತ್ತಿ ಬಂದು ಎನಾರಾಳಿಗೆ ಮುತ್ತಿಟ್ಟು ಹೋದಳು.

ಸೆಪ್ಟೆಂಬರ್ 5

ಮೊದಲ ದಿನ. ಈ ತಿಂಗಳು ನಮ್ಮ ಫ್ಯಾಕ್ಟರಿಯಲ್ಲಿ ಮೆಣಸಿನಕಾಯಿ ಸುಡುತ್ತಾರೆ. ಊರ ತುಂಬ ಅದೇ ವಾಸನೆ, ನನ್ನ ಅಂಗಿಯಲ್ಲೂ. ಜಡೆ ಪರವಾಗಿಲ್ಲ. ಎನಾರಾಳ ಮೊಳೆಗೆ ಮುಳ್ಳುಹಂದಿಯ ಚಿತ್ರ.

ಬಾಗಿಲು ದಾಟಿದ್ದೇ ತಡ, ಹುಡುಕಲು ಶುರು. ಕೋಣೆ, ಕೋಣೆ, ಕಪಾಟು, ಬಚ್ಚಲು. ಎಲ್ಲಾ ನೆನಪಿದೆ ಅವಳಿಗೆ. ತಡೆಯಲು ಹೋದೆ. ಕರ್ಮೆಲೆ ಟೀಚರ್ ನನ್ನ ಮೊಣಕೈ ಹಿಡಿದಳು.

"ಬಿಡಿ. ನಾನು ಜೊತೇಲಿ ಹೋಗ್ತೀನಿ."

"ಅವಳ ತಾಯಿ..."

"ಗೊತ್ತು. ನೋಡಲಿ. ಇಲ್ಲ ಅಂತ ನಾವು ಹೇಳಿದ್ರೆ ನಂಬಲ್ಲ."

ಇಬ್ಬರೂ ಕೈ ಹಿಡಿದು ಒಂದೊಂದೇ ಬಾಗಿಲು ತೆಗೆಯುತ್ತಾ ಹೋದರು. ನಾನು ಫ್ಯಾಕ್ಟರಿಗೆ ಬಂದೆ. ಕಣ್ಣು ಕೆಂಪಾಗಿದ್ದಕ್ಕೆ ಯಾರೂ ಏನೂ ಕೇಳಲಿಲ್ಲ. ಮೆಣಸಿನಕಾಯಿ ಕಾಲದಲ್ಲಿ ಎಲ್ಲರ ಕಣ್ಣೂ ಹಾಗೇ.

ಸೆಪ್ಟೆಂಬರ್ 26

ಬೆಳಗ್ಗೆ ಆಮಾಳನ್ನು ಹುಡುಕಿ ಒಂದು ಸುತ್ತು ಹಾಕದೆ ಎನಾರಾ ಕೋಟು ಬಿಚ್ಚುವುದಿಲ್ಲವಂತೆ. ಈಗಲೂ ದಿನಾ.

ಶಾಲೆ ಬಿಡುವುದು ಎರಡು ಗಂಟೆಗೆ. ನನ್ನ ಊಟದ ಬಿಡುವಿನಲ್ಲಿ ಕರೆದುಕೊಂಡು ಹೋಗಿ ಚಾರೋ ಹತ್ತಿರ ಬಿಡುತ್ತೇನೆ. ಈಚೆಗೆ ಊಟ ಬಿಟ್ಟು ಬೇಗ ಬರುತ್ತಿದ್ದೇನೆ. ಗೇಟಿನ ಹತ್ತಿರ ತಾಯಂದಿರು ಬಾಸ್ಕ್‌ನಲ್ಲಿ ಮಾತಾಡುತ್ತಿರುತ್ತಾರೆ. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ಕೇಳುತ್ತೇನೆ. ಅವರಲ್ಲಿ ಒಬ್ಬಳ ದನಿ... ಮಾತು ಮುಗಿಸುವಾಗ ಮಯಾಲೆನ್ ಹಾಗೇ ಸ್ವಲ್ಪ ಎಳೆಯುತ್ತಾಳೆ. ಇವತ್ತು ಅವಳು ನನ್ನನ್ನೇ ಏನೋ ಕೇಳಿದಳು. ಅರ್ಥವಾಗಲಿಲ್ಲ. ಕಣ್ಣು ತೆರೆಯದೆ ಹೂಂ ಅಂದೆ. ಇನ್ನೊಂದು ಮಾತಾಡಲಿ ಅಂತ.

ಅವಳ ಮುಖ ನಾನು ನೋಡಿಲ್ಲ. ನೋಡುವುದೂ ಇಲ್ಲ.

ಅಕ್ಟೋಬರ್ 19

ಮಯಾಲೆನ್ ಹೋಗಿ ವರ್ಷವಾಯಿತು. ಬಸ್ತಾನ್‌ಗೆ ಹೋಗಿದ್ದೆವು. ಸಮಾಧಿಗೆ ಹೂ ಇಟ್ಟೆವು. ಆಮೇಲೆ ಕೊಟ್ಟಿಗೆಯಲ್ಲಿ ಅಜ್ಜ, ಮೊಮ್ಮಗಳು. ನಾನು ಹೊರಗಿದ್ದೆ. ಒಳಗಿನಿಂದ ಎರಡು ದನಿ. ಎನಾರಾ ಬಾಸ್ಕ್ ಆಡುತ್ತಿದ್ದಾಳೆ. ಅಜ್ಜನ ಒಂದು ಮಾತಿಗೆ ಇವಳದು ನಾಲ್ಕು. ನನ್ನ ಎದೆ ಉಬ್ಬಿತು. ಗೆದ್ದೆ ಕಣೇ ಮಯಾಲೆನ್, ಅಂದುಕೊಂಡೆ.

ಮಾವ ಹೊರಗೆ ಬಂದ. ಟೋಪಿ ಕೈಯಲ್ಲಿತ್ತು.

"ಏನಂದ್ಲು?" ಕೇಳಿದೆ.

ಟೋಪಿ ಹಾಕಿಕೊಂಡ.

"ಆಮಾ ಸ್ಕೂಲಲ್ಲೂ ಇಲ್ಲ ತಾತ, ಅಂದ್ಲು. ನಾನು ಎಲ್ಲಾ ಬಾಗಿಲೂ ತೆಗೆದು ನೋಡ್ದೆ, ಅಂದ್ಲು."

ಅವನು ಹಸುಗಳ ಕಡೆ ಹೋದ. ಒಂದು ವರ್ಷದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಭಾಷೆಯಲ್ಲಿ ಮಗು ಅಜ್ಜನಿಗೆ ಹೇಳಿದ್ದು ಅಷ್ಟು. ಅದನ್ನು ಹೇಳುವಷ್ಟು ಕಲಿಯಲಿ ಅಂತ ನಾನೇ ಸೇರಿಸಿದ್ದು.

ನವೆಂಬರ್ 6

ಬೇಗ ಹೋಗಿದ್ದೆ, ಎಂದಿನ ಹಾಗೆ. ಕರ್ಮೆಲೆ ಟೀಚರ್ ಗೇಟಿಗೇ ಬಂದಳು.

"ಇವತ್ತು ಸುತ್ತು ಬೇಡ ಅಂದ್ಲು. ನಾನು ಕೈ ಚಾಚಿದೆ, ನನ್ನ ಮುಖ ನೋಡಿ ತಲೆ ಅಲ್ಲಾಡಿಸಿದ್ಲು. ಕೋಟು ನೇತುಹಾಕಿ ಸೀದಾ ಆಟಕ್ಕೆ ಹೋದ್ಲು." ಆಮೇಲೆ ಕೇಳಿದಳು: "ಒಳ್ಳೇದೇ ಅಲ್ವಾ?"

ಒಳ್ಳೇದು ಅಂದೆ. ಇನ್ನೇನು ಅನ್ನಲಿ?

ಮಕ್ಕಳು ಬಂದರು. ಎನಾರಾ ಬಂದಳು, ಮೂಗಿನ ಮೇಲೆ ಬಣ್ಣ. ಕೈ ಕೊಟ್ಟಳು. ನಾನು ಅಲ್ಲಾಡಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಹೋಗುತ್ತಿದ್ದರು. ಎಳೆದು ಮಾತಾಡುವ ಆ ಹೆಂಗಸಿನ ದನಿಯೂ ದೂರವಾಯಿತು.

"ಪಪ್ಪಾ, ಯಾರನ್ನ ನೋಡ್ತಿದೀಯ?"

"ಯಾರೂ ಇಲ್ಲ."

"ಮತ್ತೆ ನಡಿ. ಚಾರೋ ಅತ್ತೆ ಕಾಯ್ತಿರ್ತಾಳೆ."

ಹೊರಟೆವು. ಸೇತುವೆ ಹತ್ತಿರ ಬಂದಾಗ ಹಿಂದೆ ಯಾವುದೋ ಮಗು ಕೂಗಿತು. ಆಮಾ!

ಎನಾರಾ ತಿರುಗಲಿಲ್ಲ. ನಾನು ತಿರುಗಿದೆ.