ಟಿವಿಯಲ್ಲಿ ಸತ್ತ ನಮ್ಮ ಹುಳುಗಳು

ಕೆಂಚನದೊಡ್ಡಿ, ಕನಕಪುರ ತಾಲ್ಲೂಕು
17-11-2025, ಸೋಮವಾರ

ಪ್ರೀತಿಯ ತಮ್ಮ ದೇವೂ,

ಹೇಗಿದ್ದೀಯಪ್ಪ? ಗ್ಯಾಸ್ಟ್ರಿಕ್ ಕಡಿಮೆಯಾಯಿತಾ? ಹೊತ್ತಿಗೆ ಸರಿಯಾಗಿ ಉಣ್ಣು ಎಂದರೆ ‘ನಮ್ ಕೆಲ್ಸದಲ್ಲಿ ಹೊತ್ತು ಅನ್ನೋದೇ ಇಲ್ಲ ಕಣಕ್ಕ’ ಅನ್ನುತ್ತೀಯ. ಕೆನ್ನೆ ಒಳಗೆ ಹೋಗಿರುವುದನ್ನು ಅವ್ವ ಟಿವಿಯಲ್ಲೇ ಕಂಡುಹಿಡಿದಳು, ಅದೆಷ್ಟು ಪೌಡರ್ ಬಳಿದುಕೊಂಡಿದ್ದರೂ. ಇಲ್ಲಿ ನಾವು ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಹೋಗಿ ಕೈ ನಿಂತಿತು. ಅವ್ವನ ಮಂಡಿನೋವು ಹಾಗೇ ಇದೆ. ಸೀಮೆಹಸು ಹೆಣ್ಣುಕರು ಹಾಕಿದೆ. ಈ ಕಾಲದಲ್ಲಿ ಕಾಗದವಾ ಎಂದು ನಗಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಮೆಸೇಜ್ ನೋಡಿ ಸುಮ್ಮನಾಗುತ್ತೀಯ. ಕಾಗದವನ್ನಾದರೂ ಒಡೆದು ಓದುತ್ತೀಯೇನೋ ಅಂತ.

ನೀನು ನ್ಯೂಸ್ ಚಾನೆಲ್‌ಗೆ ಸೇರಿದ ಹೊಸದರಲ್ಲಿ ನಮ್ಮ ಮನೆ ಹೇಗಿತ್ತು ನೆನಪಿದೆಯಾ? ಸಂಜೆಯಾದರೆ ಅಪ್ಪ ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ, ಕೈಕಾಲು ತೊಳೆದು, ಟಿವಿ ಮುಂದೆ ಕೂರುತ್ತಿದ್ದ. ಕೊನೆಯಲ್ಲಿ ನೀನು ‘ರಾಮನಗರದಿಂದ ದೇವರಾಜು’ ಅಂದರೆ ಸಾಕು, ಸುದ್ದಿ ಏನೆಂಬುದು ಬೇಕಿರಲಿಲ್ಲ. ಅವ್ವ ಉಪ್ಪು, ಮೆಣಸಿನಕಾಯಿ ಹಿಡಿದು ಟಿವಿಗೇ ದೃಷ್ಟಿ ತೆಗೆಯುತ್ತಿದ್ದಳು. ಹುಳು ಮನೆಗೆ ಘಾಟು ಹೋಗಬಾರದೆಂದು ಆ ಮೆಣಸಿನಕಾಯನ್ನು ಒಲೆಗೆ ಹಾಕದೆ ಮೂರು ದಾರಿ ಕೂಡುವಲ್ಲಿ ಎಸೆದು ಬರುತ್ತಿದ್ದಳು, ಆ ಮಂಡಿ ಎಳೆದುಕೊಂಡು. ನಿಜ ಹೇಳುತ್ತೇನೆ, ನನಗೆ ಆಗಲೂ ನಿಮ್ಮ ಸುದ್ದಿ ಹಿಡಿಸುತ್ತಿರಲಿಲ್ಲ. ಆರು ಜನ ಆರು ಡಬ್ಬಿಯೊಳಗೆ ಕೂತು ಒಟ್ಟಿಗೆ ಕಿರುಚುತ್ತಾರೆ. ಯಾರೋ ಕಾರಿನಿಂದ ಇಳಿದರೆ ಅವರನ್ನು ಬೆಳಗ್ಗೆಯಿಂದ ಸಂಜೆವರೆಗೆ ಇಳಿಸುತ್ತಲೇ ಇರುತ್ತಾರೆ, ಹಿಂದೆ ಢಣ ಢಣ ಅಂತ ಬಡಿತ ಬೇರೆ. ನಮ್ಮೂರ ಟ್ರಾನ್ಸ್‌ಫಾರ್ಮರ್ ಸುಟ್ಟು ಕತ್ತಲಲ್ಲಿ ಕೂತಾಗ ಒಬ್ಬರೂ ಕೇಳಲಿಲ್ಲ. ಆದರೂ ನೋಡುತ್ತಿದ್ದೆ, ನೀನಿದ್ದೀಯಲ್ಲ ಅಂತ.

ದೀಪಾವಳಿ ಕಳೆದ ಮೇಲೆ ನೀನು ಕ್ಯಾಮೆರಾದವರನ್ನು ಕರೆದುಕೊಂಡು ಬಂದೆ. ಪಕ್ಕದೂರಿನ ಒಂದೆರಡು ಮನೆಯಲ್ಲಿ ಹುಳುವಿಗೆ ರೋಗ ಬಂದಿತ್ತು, ಅದನ್ನು ತೋರಿಸಬೇಕೆಂದೆ. ಅವರು ಒಳಗೆ ಬಿಡಲಿಲ್ಲವಂತೆ, ನಮ್ಮ ಮನೆಗೆ ಬಂದೆ. ನಮ್ಮ ಹುಳು ಅವತ್ತು ಪೊರೆ ಬಿಡುವುದಕ್ಕೆ ಸೊಪ್ಪು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂತಿದ್ದವು. ಆ ಹೊತ್ತಿನಲ್ಲಿ ನಾವೇ ಉಸಿರು ಬಿಗಿಹಿಡಿದು ಓಡಾಡುತ್ತೇವೆ. ಸೆಂಟು ಹಾಕಿಕೊಂಡವರನ್ನು ಬಾಗಿಲಿಗೂ ಸೇರಿಸುವುದಿಲ್ಲ. ಅವತ್ತು ನಾಲ್ಕು ಜನ ಬೂಟು ಕಾಲಲ್ಲಿ ನುಗ್ಗಿ ಕಣ್ಣು ಕುಕ್ಕುವ ಲೈಟು ಹಾಕಿದರು. ಅಪ್ಪ ತಡೆಯಲಿಲ್ಲ, ಮಗ ಕರೆತಂದವರಲ್ಲವಾ. ನಿನ್ನ ಹಿಂದೆ ನಿಂತುಕೊಂಡು ಟವಲ್ ತಿರುಚುತ್ತಿದ್ದ.

ಸಂಜೆ ಊರೆಲ್ಲ ನಮ್ಮ ಟಿವಿ ಮುಂದೆ. ಅವ್ವ ಉಪ್ಪು ಮೆಣಸಿನಕಾಯಿ ಹಿಡಿದೇ ಕೂತಿದ್ದಳು. ಹುಳು ಸಾಕುವ ನಮ್ಮ ತಟ್ಟೆ ಬಂತು, ನಮ್ಮ ಹುಳು ಬಂದವು, ಅವುಗಳ ಸುತ್ತ ಕೆಂಪು ಗೆರೆ ಸುತ್ತಿತು. ನೀನು ‘ರೈತ ಮುನಿಯಪ್ಪನವರ ಮನೆಯಲ್ಲಿ ಒಂದು ಹುಳುವೂ ಉಳಿದಿಲ್ಲ’ ಎಂದೆ. ಅಪ್ಪನನ್ನು ತೋರಿಸಿದೆ, ಟವಲ್ ತಿರುಚುತ್ತಿದ್ದುದನ್ನು. ಅದೇ ತಟ್ಟೆ, ಅದೇ ಟವಲ್, ಮತ್ತೆ ಮತ್ತೆ. ಅವ್ವ ಕೈಯಲ್ಲಿದ್ದುದನ್ನು ನೆಲದ ಮೇಲಿಟ್ಟು, ‘ಬದ್ಕವಲ್ಲೇ ಪ್ರತಿಮಾ, ನಮ್ಮುಳ ಬದ್ಕವಲ್ಲೇ, ಇವ್ನ್ಯಾಕೆ ಸತ್ತೋದೋ ಅಂತಾನೆ?’ ಅಂದಳು. ಬೇರೆ ಯಾರಾದರೂ ಆಗಿದ್ದರೆ ಪಟ್ಟಣದವನು, ಪಾಪ, ತಿಳಿಯಲಿಲ್ಲ ಅನ್ನಬಹುದಿತ್ತು. ನೀನು ಆ ತಟ್ಟೆಗಳ ಕೆಳಗೆ ಚಾಪೆ ಹಾಸಿಕೊಂಡು ಬೆಳೆದವನು.

ಮಾರನೆಯ ದಿನ ಜನ ಬಂದರು. ಸಾವಿನ ಮನೆಗೆ ಬಂದ ಹಾಗೆ ಜಗಲಿ ಮೇಲೆ ಕೂತರು. ಎದುರುಮನೆಯವರು ಇವರು ಒಲೆ ಹಚ್ಚಿರುವುದಿಲ್ಲ ಎಂದು ಮುದ್ದೆ, ಉಪ್ಸಾರು ತಂದಿಟ್ಟರು. ಅಷ್ಟು ಹೊತ್ತಿಗೆ ಒಳಗೆ ಹುಳು ಪೊರೆ ಕಳಚಿ ಎದ್ದು ಸೊಪ್ಪು ಮೇಯುತ್ತಿದ್ದವು. ಚಿಕ್ಕವನಿದ್ದಾಗ ಆ ಸದ್ದಿಗೆ ಎದ್ದು ‘ಮಳೆ ಬತ್ತಾ ಐತಾ ಅಕ್ಕ?’ ಅಂತಿದ್ದೆಯಲ್ಲ, ಅದೇ ಸದ್ದು. ಅಪ್ಪ ಹೋಗಿ ಹುಳು ಮನೆಯ ಬಾಗಿಲು ಮುಂದಕ್ಕೆ ಎಳೆದುಬಿಟ್ಟ. ನಾವೆಲ್ಲ ಆ ಮುದ್ದೆ ಉಂಡೆವು. ನನಗೆ ರುಚಿ ಗೊತ್ತಾಗಲಿಲ್ಲ.

ಅವತ್ತು ನೀನು ಒಂದೇ ಒಂದು ಸಲ ಫೋನ್ ಎತ್ತಿದೆ. ‘ಮೇಲಿನೋರು ಹಿಂಗೇ ಬೇಕು ಅಂದ್ರು ಕಣಕ್ಕ, ನಾಳೆ ಎಲ್ರೂ ಮರ್ತೋಗ್ತಾರೆ ಬುಡು’ ಅಂದೆ. ಯಾರೂ ಮರೆತಿಲ್ಲ ದೇವೂ. ಸಂತೆಗೆ ಹೋದರೆ, ಡೇರಿಗೆ ಹಾಲು ಹಾಕಲು ಹೋದರೆ, ಅಯ್ಯೋ ಪಾಪ ಅನ್ನುತ್ತಾರೆ. ಮೊದಮೊದಲು ನಿನ್ನ ಕೆನ್ನೆಗೆ ಬಾರಿಸಬೇಕು ಅನ್ನಿಸುತ್ತಿತ್ತು. ಈಗ ಅದೂ ಇಲ್ಲ. ಕಸ ಗುಡಿಸುತ್ತೇನೆ, ಸೊಪ್ಪು ಕೊಯ್ಯುತ್ತೇನೆ, ಮಲಗುತ್ತೇನೆ. ಒಳಗೆ ಏನೂ ಆಗುವುದಿಲ್ಲ.

ಗೂಡು ಮಾತ್ರ ಚೆನ್ನಾಗಿ ಬಂತು, ಗಟ್ಟಿ ಗೂಡು. ನಿಮ್ಮ ಭಾವ ಹಾರೋಹಳ್ಳಿ ಫ್ಯಾಕ್ಟರಿಗೆ ರಜೆ ಹಾಕಿ ಅಪ್ಪನ ಜೊತೆ ರಾಮನಗರದ ಮಾರ್ಕೆಟ್‌ಗೆ ಹೋಗಿದ್ದರು. ಮಾರಾಟವಾಯಿತು, ಬಂದರು. ಅಲ್ಲಿ ನೂಲು ತೆಗೆಸುವ ಗುಲ್ಜಾರ್ ಬೀ ನಿನಗೆ ಗೊತ್ತಲ್ಲ. ಪ್ರತಿ ಬೆಳೆಯಲ್ಲೂ ಅವರು ನಮ್ಮ ಗೂಡಿಗೆ ಏನಂದರು ಎಂದು ಅಪ್ಪ ಮನೆಗೆ ಬಂದು ಎರಡು ಮೂರು ಸಲ ಹೇಳದೆ ಬಿಟ್ಟವನಲ್ಲ. ಈ ಸಲ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಟಿವಿ ಮುಂದೆ ಕೂತ. ಈಗ ದಿನಾ ಅದೇ. ಸದ್ದು ತೆಗೆದು ನೋಡುತ್ತಾನೆ. ಧ್ವನಿ ಕೊಡಲಾ ಅಪ್ಪ ಎಂದರೆ, ‘ಬ್ಯಾಡ. ತಪ್ಪಾಯ್ತು ಅಂತ ಯೋಳಕ್ಕೆ ಬಂದ್ರೆ ಅವನ ಮೊಕದಲ್ಲೇ ಗೊತ್ತಾಯ್ತದೆ’ ಅನ್ನುತ್ತಾನೆ. ಮುಂದಿನ ಬೆಳೆಗೆ ಮರಿಹುಳು ತರೋಣ ಎಂದರೆ ಮತ್ತೆ ಟಿವಿ ಕಡೆಗೇ ತಿರುಗುತ್ತಾನೆ. ಹುಳು ಮನೆ ತೊಳೆದಿಟ್ಟಿದೆ, ಖಾಲಿ.

ನಾನು ಕೇಳುವುದು ಇಷ್ಟೇ. ನಮ್ಮ ಹುಳು ಸತ್ತಿರಲಿಲ್ಲ ಎಂದು ಒಂದು ಮಾತು ಹೇಳು. ಅಷ್ಟು ಹೊತ್ತು ಕಿರುಚುತ್ತೀರಲ್ಲ, ಅದರ ನಡುವೆ ಒಂದು ಮಾತು. ಮೇಲಿನವರು ಬಿಡದಿದ್ದರೆ ಬಂದು ನಮ್ಮ ಜಗಲಿ ಮೇಲೆ ನಿಂತು ಹೇಳು. ಊರವರು ಕೇಳಿಸಿಕೊಂಡರೆ ಸಾಕು, ಅಪ್ಪ ಕೇಳಿಸಿಕೊಂಡರೆ ಸಾಕು.

ಬಿಸಿನೀರು ಕುಡಿ, ಖಾರದ ತಿಂಡಿ ಕಡಿಮೆ ಮಾಡು. ಅವ್ವ ನಿನ್ನನ್ನು ಕೇಳಿದಳು ಅಂತ ಬರೆ ಅಂದಳು. ಅಪ್ಪ ಬರೆ ಅನ್ನಲಿಲ್ಲ, ನಾನು ಬರೆಯುತ್ತಿರುವುದು ನೋಡಿ ಲೈಟು ಹಾಕಿಕೊಟ್ಟ. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ.

ನಿನ್ನ ಅಕ್ಕ,
ಪ್ರತಿಮಾ

ಮ.ವಿ.: ಇದನ್ನು ಬರೆಯಬೇಡ ಎಂದು ನಿಮ್ಮ ಭಾವ ಆಣೆ ಹಾಕಿಸಿದ್ದರು, ಆದರೂ ಬೆಳಗ್ಗೆ ಎದ್ದು ಬರೆಯುತ್ತಿದ್ದೇನೆ, ಪೋಸ್ಟಿನವನು ಬರುವ ಹೊತ್ತಾಯಿತು. ಮಾರ್ಕೆಟ್‌ನಲ್ಲಿ ಗುಲ್ಜಾರ್ ಬೀ, ‘ಮುನಿಯಪ್ಪಣ್ಣ, ನಿಮ್ದು ಹುಳ ಎಲ್ಲಾ ಸತ್ತೋಯ್ತಂತಲ್ಲ, ಟಿವೀಲಿ ನೋಡ್ದೆ. ಈ ಗೂಡು ಯಾರ್ದು?’ ಅಂದರಂತೆ. ಸುತ್ತ ಜನ ನಿಂತಿದ್ದರಂತೆ. ನಮ್ಮದೇ ಎಂದರೆ ನೀನು ಸುಳ್ಳುಗಾರನಾಗುತ್ತಿದ್ದೆ. ಅಪ್ಪ ಎಲ್ಲರಿಗೂ ಕೇಳುವ ಹಾಗೆ, ‘ನಮ್ದಲ್ಲ ಕಣಮ್ಮ, ಅಳಿಯಂದು. ನಮ್ದು ಹೋಯ್ತು. ನಮ್ಮುಡ್ಗ ಯೋಳಿದ್ದು ದಿಟ’ ಅಂದನಂತೆ. ಭಾವನ ಹೆಸರಿನಲ್ಲೇ ತೂಕ ಹಾಕಿಸಿದ. ಗುಲ್ಜಾರ್ ಬೀ ಒಂದು ಗೂಡನ್ನು ಕಿವಿ ಹತ್ತಿರ ಅಲ್ಲಾಡಿಸಿ, ‘ಯಾರ್ದಾದ್ರೂ ಆಗ್ಲಿ, ಭಾಳ ಒಳ್ಳೇ ಗೂಡು’ ಅಂದರಂತೆ. ಅಪ್ಪ ಅದಕ್ಕೆ ನಿಮ್ಮ ಭಾವನ ಮುಖ ನೋಡಿದನಂತೆ, ಹೊಗಳಿದ್ದು ಅವರನ್ನೇ ಅನ್ನುವ ಹಾಗೆ.